ಮೊದಲ ದಿನದ ನಡಿಗೆ

ಗೋದಾಮಿನಲ್ಲಿ ಎಲ್ಲರೂ ಅವಳನ್ನು ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಒಂದು ಪಾಳಿಯಲ್ಲಿ ರ‍್ಯಾಕುಗಳ ನಡುವೆ ಹದಿನೆಂಟು ಕಿಲೋಮೀಟರ್ ನಡೆದು, ಚೀಟಿಯಲ್ಲಿ ಬರೆದ ಸಾಮಾನು ಹೆಕ್ಕಿ, ಗಾಡಿಗೆ ತುಂಬಿ, ಪ್ಯಾಕಿಂಗಿನವರ ಮುಂದೆ ತಂದು ನಿಲ್ಲಿಸುವುದು ಅವಳ ಕೆಲಸ. ಹದಿನೆಂಟು ಎಂದು ಅವಳು ಎಣಿಸಿದ್ದಲ್ಲ, ಕಂಪನಿಯವರು ಮಣಿಕಟ್ಟಿಗೆ ಕಟ್ಟಿದ ಯಂತ್ರ ಎಣಿಸಿದ್ದು. ಮೇಲಿನ ಅಟ್ಟಣಿಗೆಯಿಂದ ಬಣ್ಣದ ಡಬ್ಬಗಳ ಪೆಟ್ಟಿಗೆ ಜಾರಿ ಅವಳ ಬಲಗಾಲ ಮೇಲೆ ಬಿದ್ದ ದಿನ ಅದೇ ಯಂತ್ರ, ‘ಹನ್ನೊಂದು ನಿಮಿಷದಿಂದ ಚಲನೆ ಇಲ್ಲ’ ಎಂದು ಮೇಲ್ವಿಚಾರಕನಿಗೆ ಚಾಡಿ ಹೇಳಿತ್ತು.

ಮೂಳೆ ಕೂಡಿಕೊಂಡಿತು. ಮೊಣಕಾಲ ಕೆಳಗಿನ ನರ ಮಾತ್ರ ಮುನಿಸಿಕೊಂಡು ಕೂತಿತು. ಪಾದ ಎತ್ತು ಎಂದರೆ ಏಳುತ್ತಿರಲಿಲ್ಲ, ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಕಂಪನಿಯ ನಿಯಮ ಕಲ್ಲಿನ ಮೇಲೆ ಕೆತ್ತಿದಷ್ಟು ಸ್ಪಷ್ಟ: ಪೆಟ್ಟಾದ ದಿನದಿಂದ ನೂರ ಎಂಬತ್ತು ದಿನದೊಳಗೆ ಕಂಪನಿ ಡಾಕ್ಟರು ‘ಕೆಲಸಕ್ಕೆ ಯೋಗ್ಯಳು’ ಎಂದು ಬರೆದುಕೊಟ್ಟರೆ ವಾಪಸ್ಸು ಪಾಳಿಗೆ, ಇಲ್ಲವೆಂದರೆ ಹೆಸರಿಗೆ ಗೀಟು. ಗಂಡ ತೀರಿಹೋಗಿ ಆರು ವರ್ಷ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅತ್ತೆ, ದುಡಿಯುವ ಜೀವ ಇವಳದೊಂದೇ.

ಅತ್ತೆಯ ನಾಲಿಗೆಗೆ ಮೂಳೆ ಇಲ್ಲದಿರುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಗಂಡುಮಗ ಇದ್ದಾಗ ಅವನು ಮನೇಲಿ ನಿಲ್ಲುತ್ತಿರಲಿಲ್ಲ, ಈಗ ಸೊಸೆ ಮನೆ ಬಿಟ್ಟು ಹೋಗುವ ಹಾಗಿಲ್ಲ, ನನ್ನ ಹಣೆಬರಹವೇ ಹೀಗೆ ಎಂದು ಬಾಗಿಲಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹೇಳುತ್ತಲೇ ಬಿಸಿನೀರು ಕಾಯಿಸಿ ತಂದು ಸೊಸೆಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀವುತ್ತಿದ್ದಳು. ನೀವುವಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ.

ಫಿಸಿಯೋಥೆರಪಿ ಕಾಲೇಜಿನಲ್ಲಿ ಪುಕ್ಕಟೆ ಚಿಕಿತ್ಸೆ ಸಿಗುತ್ತದೆಂದು ಹೇಳಿದವಳು ಪ್ಯಾಕಿಂಗಿನ ಗೆಳತಿ. ಹೋಗಿ ಕೇಳಿದರೆ, ಒಂದು ಷರತ್ತು: ಕೊನೆಯ ವರ್ಷದ ವಿದ್ಯಾರ್ಥಿಗಳ ಸಂಶೋಧನೆಗೆ ಸೇರಿಕೊಳ್ಳಬೇಕು. ನಾಲ್ಕು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಅಲ್ಲಿಂದ ಆಚೆ ಕಾಗದದಲ್ಲಿ ಅವಳ ಹೆಸರು ‘ಏಳನೇ ನಂಬರು’.

ಅವಳು ಬಿದ್ದದ್ದು ಒಬ್ಬ ತೆಳ್ಳನೆಯ ಹುಡುಗಿಯ ಕೈಗೆ. ಇನ್ನೂ ಡಿಗ್ರಿ ಕೈಗೆ ಬಾರದ ಆ ಹುಡುಗಿಯನ್ನು ಗಿರಗಿಟ್ಲೆ ಡಾಕ್ಟ್ರಮ್ಮ ಎನ್ನುತ್ತಿದ್ದಳು, ಹುಡುಗಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹುಡುಗಿ ಮೈಮುರಿದು ದುಡಿದಳು. ರೆಕ್ಸಿನ್ ಹರಿದ ಮಂಚದ ಪಕ್ಕ ಮಂಡಿಯೂರಿ, ಆ ಸತ್ತ ಪಾದವನ್ನು ಅಂಗೈಯಲ್ಲಿ ಹಿಡಿದು, ಎಳೀರಿ ಅಕ್ಕ, ಮೂಗಿನ ಕಡೆಗೆ ಎಳೀರಿ ಎಂದು ನಾಲ್ಕು ತಿಂಗಳು ಒಂದೇ ಮಂತ್ರ ಜಪಿಸಿದಳು. ಸಡಿಲ ಹಳದಿ ರಬ್ಬರ್ ಪಟ್ಟಿಯಿಂದ ಬಿಗಿ ಕೆಂಪಿಗೆ, ಕೆಂಪಿನಿಂದ ಇನ್ನೂ ಬಿಗಿ ಹಸಿರಿಗೆ ಏರಿಸಿದಳು. ಎರಡನೇ ತಿಂಗಳ ಕೊನೆಗೆ ಒಂದು ದಿನ ಹೆಬ್ಬೆರಳು ತಾನಾಗಿಯೇ ಕದಲಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಹುಡುಗಿ ಅತ್ತಳು, ಗಿರಗಿಟ್ಲೆ ನಕ್ಕಳು.

ನೂರ ಎಪ್ಪತ್ತನೇ ದಿನ, ಒಂದು ಸೋಮವಾರ, ಕಂಪನಿ ಡಾಕ್ಟರು ಪರೀಕ್ಷೆ ಮಾಡಿದರು. ನಡೆಸಿದರು, ಕುಕ್ಕರಗಾಲಲ್ಲಿ ಕೂರಿಸಿ ಏಳಿಸಿದರು, ಹತ್ತು ಕಿಲೋ ಪೆಟ್ಟಿಗೆ ಹೊರಿಸಿ ಏಣಿ ಹತ್ತಿಸಿದರು. ಎಲ್ಲ ಸರಿ ಇದೆ, ಮುಂದಿನ ವಾರ ಪತ್ರ ಕಳಿಸುತ್ತೇನೆ ಎಂದರು. ಆ ಸಂಜೆ ಅತ್ತೆ ಬೀದಿಯವರಿಗೆ ಹೊಸ ಸುದ್ದಿ ಹೇಳಿದಳು: ನಮ್ಮನೆ ಗಿರಗಿಟ್ಲೆಗೆ ಮತ್ತೆ ದಾರ ಸುತ್ತಿದ್ದಾರೆ.

ಬುಧವಾರ ಹುಡುಗಿಯ ಮುಖದಲ್ಲಿ ಕಳೆ ಇರಲಿಲ್ಲ. ಶನಿವಾರ ಕಾಲೇಜಿನ ಸಂಶೋಧನಾ ದಿನ. ಹನ್ನೆರಡು ಜನರ ನಡಿಗೆಯನ್ನು ‘ಮೊದಲ ದಿನ’, ‘ಕೊನೆಯ ದಿನ’ ಎಂದು ಅಕ್ಕಪಕ್ಕ ಇಟ್ಟು ತೋರಿಸಬೇಕು. ಕಾಲಿನ ಕೀಲುಕೀಲಿಗೂ ಬಿಳಿ ಚುಕ್ಕಿ ಅಂಟಿಸಿ ವಿಡಿಯೋ ತೆಗೆದರೆ ಕಂಪ್ಯೂಟರು ಚುಕ್ಕಿಗಳನ್ನು ಹಿಡಿದು ಪಾದ ಎಷ್ಟು ಡಿಗ್ರಿ ಎದ್ದಿತೆಂದು ಹೇಳುತ್ತದೆ. ಏಳನೇ ನಂಬರಿನಷ್ಟು ಚೆಂದವಾಗಿ ಗುಣವಾದವರು ಬೇರೆ ಯಾರೂ ಇರಲಿಲ್ಲ. ಆದರೆ ಮೊದಲ ದಿನ ಗಿರಗಿಟ್ಲೆ ಗಿಡ್ಡ ಚಡ್ಡಿ ಹಾಕಿಕೊಳ್ಳಲು ನಾಚಿಕೊಂಡಿದ್ದಳು, ಹುಡುಗಿಯೂ ಪಾಪ ಅಂದುಕೊಂಡು ಉದ್ದ ಲಂಗದಲ್ಲೇ ನಡೆಸಿ ವಿಡಿಯೋ ತೆಗೆದಿದ್ದಳು. ಈಗ ಹಾಕಿ ನೋಡಿದರೆ ಒಂದು ಲಂಗ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತದೆ, ಅಷ್ಟೇ. ಕಾಲೂ ಇಲ್ಲ, ಚುಕ್ಕಿಯೂ ಇಲ್ಲ.

ಹುಡುಗಿಯ ಸಂಶೋಧನೆ ನೋಡಿಕೊಳ್ಳುವ ಗೈಡ್ ಮೇಡಂ ಬೈಯಲಿಲ್ಲ. ಅವರು ಬೈಯುವ ಪೈಕಿಯಲ್ಲ, ದಾರಿ ತೋರಿಸುವ ಪೈಕಿ. ಹೆಂಗಸು ಇಲ್ಲೇ ಇದ್ದಾಳಲ್ಲ, ಹಳೇ ನಡಿಗೆ ನಡೆಸಿ ತೆಗೆದುಕೋ, ಆ ನಡಿಗೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಹೇಳಿ ಚಹಾ ಕುಡಿಯಲು ಹೋದರು.

ಹುಡುಗಿ ಕೇಳಿದಾಗ ಗಿರಗಿಟ್ಲೆ ಎರಡು ಸಲ ಯೋಚಿಸಲಿಲ್ಲ. ಸತ್ತ ಕಾಲು ಎಬ್ಬಿಸಿಕೊಟ್ಟವಳು ಒಂದು ಸಲ ಕುಂಟು ಎಂದರೆ ಕುಂಟದೆ ಇರಲಾದೀತೇ. ಚಡ್ಡಿ ಹಾಕಿಕೊಂಡಳು, ಚುಕ್ಕಿ ಅಂಟಿಸಿಕೊಂಡಳು, ನೆಲದ ಪಟ್ಟಿಯ ಮೇಲೆ ಹೆಜ್ಜೆ ಇಟ್ಟಳು. ಬರಲಿಲ್ಲ. ಪಾದ ತಾನಾಗಿ ಏಳುತ್ತಿತ್ತು. ನಾಲ್ಕು ತಿಂಗಳು ಕಲಿತದ್ದನ್ನು ಅದು ಮರೆಯಲು ಒಪ್ಪಲಿಲ್ಲ.

“ಕಾಲು ಬಿಟ್ಬಿಡಿ ಅಕ್ಕ. ಅದು ನಿಮ್ದಲ್ಲ ಅಂದ್ಕೊಳ್ಳಿ,” ಎಂದಳು ಹುಡುಗಿ.

ಒಂದು ಸಲ, ಎರಡು ಸಲ, ಒಂಬತ್ತು ಸಲ. ಸೊಂಟ ಇನ್ನಷ್ಟು ಎತ್ತಿ ಎಂದಳು, ಹೆಬ್ಬೆರಳು ಉಜ್ಜಲಿ ಎಂದಳು, ಮುಖ ನಗಬಾರದು ಎಂದಳು. ಹನ್ನೊಂದನೇ ಸಲಕ್ಕೆ ಆ ಹಳೆಯ ನಡಿಗೆ ಬಂತು. ಕಂಪ್ಯೂಟರು ಬರೀ ಎಂಟು ಡಿಗ್ರಿ ಎಂದಿತು. ಗಿರಗಿಟ್ಲೆ ಬೆವರಿದ್ದಳು. ಮೈ ಜುಂ ಅನ್ನತ್ತೆ ಡಾಕ್ಟ್ರಮ್ಮ, ಹೆಣದ ಬಟ್ಟೆ ಹಾಕ್ಕೊಂಡಂಗಾಯ್ತು ಎಂದು ಚುಕ್ಕಿಗಳನ್ನು ಕಿತ್ತಳು. ಹುಡುಗಿ ನಾಲ್ಕು ಸಲ ಥ್ಯಾಂಕ್ಸ್ ಹೇಳಿದಳು.

ಶನಿವಾರ ಸಭಾಂಗಣ ತುಂಬಿತ್ತು. ಗುಣವಾದವರನ್ನೂ ಕರೆಸಿ ಎರಡನೇ ಸಾಲಿನಲ್ಲಿ ಕೂರಿಸಿದ್ದರು, ಸಂತೆಯಲ್ಲಿ ಹಲ್ಲು ಎಣಿಸಲು ನಿಲ್ಲಿಸಿದ ಎತ್ತುಗಳ ಹಾಗೆ. ಅತ್ತೆಯೂ ಬಂದಿದ್ದಳು. ತೀರ್ಪುಗಾರರು ಮೂವರು. ಅವರಲ್ಲಿ ಒಬ್ಬರು ಗೋದಾಮಿನ ಕಂಪನಿ ಡಾಕ್ಟರು. ಕಾಲೇಜಿನ ಮಕ್ಕಳು ತರಬೇತಿಗೆ ಹೋಗುವುದು ಅವರ ಕಂಪನಿಗೇ, ಆ ದಿನದ ಬಹುಮಾನದ ಫಲಕ ಕೊಟ್ಟದ್ದೂ ಕಂಪನಿಯೇ. ಅವರನ್ನು ಕಂಡು ಗಿರಗಿಟ್ಲೆ ಎದ್ದು ನಮಸ್ಕಾರ ಮಾಡಿದಳು. ಅವರೂ ನಕ್ಕರು.

ಹುಡುಗಿ ಚೆನ್ನಾಗಿ ಮಾತಾಡಿದಳು. ಏಳನೇ ನಂಬರು ಬಂತು. ಪರದೆಯ ಎಡಕ್ಕೆ ‘ಮೊದಲ ದಿನ’, ಬಲಕ್ಕೆ ‘ಕೊನೆಯ ದಿನ’. ಎಡಕ್ಕೆ ಒಬ್ಬ ಹೆಂಗಸು ಕಾಲೆಳೆಯುತ್ತ ನಡೆದಳು, ಬಲಕ್ಕೆ ಅದೇ ಹೆಂಗಸು ಗಾಳಿಯ ಹಾಗೆ ನಡೆದಳು. ಸಭೆ ಚಪ್ಪಾಳೆ ತಟ್ಟಿತು. ಕಂಪನಿ ಡಾಕ್ಟರು ಮಾತ್ರ ಕನ್ನಡಕ ಏರಿಸಿ ಮುಂದಕ್ಕೆ ಬಾಗಿದರು. ಎಡಗಡೆಯ ವಿಡಿಯೋದ ಮೂಲೆಯಲ್ಲಿ ಕಂಪ್ಯೂಟರು ತಾನಾಗಿ ಹಾಕಿದ ತಾರೀಖಿತ್ತು. ಹುಡುಗಿ ಎಲ್ಲವನ್ನೂ ತಿದ್ದಿದ್ದಳು, ಅದೊಂದನ್ನು ನೋಡಿರಲಿಲ್ಲ.

ಇದು ಮೊನ್ನೆ ಬುಧವಾರದ್ದಲ್ಲವೇ, ಮೊದಲ ದಿನ ಹೇಗಾಯಿತು ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

ಕುಂಟಿಸಿ ತೆಗೆದೆವು ಎಂದು ಒಂದು ಮಾತು ಹೇಳಿದ್ದರೆ ಹುಡುಗಿಯ ಸಂಶೋಧನೆ ಅಲ್ಲೇ ಮಣ್ಣಾಗುತ್ತಿತ್ತು, ವರ್ಷ ಹೋಗುತ್ತಿತ್ತು. ಅವಳು ಮೇಡಂ ಕಡೆ ನೋಡಿದಳು. ಮೇಡಂ ಆಗಲೇ ಎದ್ದು ನಿಂತಿದ್ದರು.

“ಶೀರ್ಷಿಕೆ ತಪ್ಪಾಗಿದೆ ಸಾರ್, ಕ್ಷಮಿಸಿ. ಅದು ಮೊದಲ ದಿನದ್ದಲ್ಲ, ದಣಿವಿನ ಪರೀಕ್ಷೆದು. ಇಪ್ಪತ್ತು ನಿಮಿಷ ಬಿಡದೆ ನಡೆಸಿದ್ರೆ ಗುಣವಾದ ಕಾಲು ಕೂಡ ಹಳೇ ನಡಿಗೆಗೆ ವಾಪಸ್ ಹೋಗುತ್ತೆ. ನಮ್ಮ ಹುಡುಗಿ ಕಂಡುಹಿಡಿದದ್ದೇ ಅದು.”

ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ಡಾಕ್ಟರು ಹುಡುಗಿಯತ್ತ ತಿರುಗಿ, ಹೌದೇನಮ್ಮ, ಇಪ್ಪತ್ತೇ ನಿಮಿಷಕ್ಕಾ ಎಂದರು.

“ಹೌದು ಸಾರ್,” ಎಂದಳು ಹುಡುಗಿ.

ಗಿರಗಿಟ್ಲೆಗೆ ಮೇಡಂ ಹೇಳಿದ್ದು ಅರ್ಧ ಅರ್ಥವಾಗಿತ್ತು, ಡಾಕ್ಟರ ಮುಖ ಪೂರ್ತಿ ಅರ್ಥವಾಯಿತು. ಎರಡನೇ ಸಾಲಿನಿಂದ ಎದ್ದಳು. ಸಾರ್, ಅದು ನಿಜ ಅಲ್ಲ, ಇವರು ಹೇಳಿದ್ದಕ್ಕೆ ನಾನು ಕುಂಟಿದ್ದು ಎಂದಳು. ಕೆಲವರು ನಕ್ಕರು. ಡಾಕ್ಟರು ನಗಲಿಲ್ಲ, ಬಹಳ ಮರ್ಯಾದೆಯಿಂದ ಕೇಳಿದರು: ಕುಂಟು ಅಂದರೆ ಯಾರಾದರೂ ಸುಮ್ಮನೆ ಕುಂಟುತ್ತಾರಾ ತಾಯಿ?

ಮೇಡಂ ಅದಕ್ಕೂ ಉತ್ತರ ಇಟ್ಟುಕೊಂಡಿದ್ದರು. ಮುಖದಲ್ಲಿ ನಟಿಸಬಹುದು, ಮಾತಲ್ಲಿ ನಟಿಸಬಹುದು, ಕೀಲಿನ ಡಿಗ್ರಿಯಲ್ಲಿ ನಟನೆ ಸಾಧ್ಯವಿಲ್ಲ. ಪಾಪ, ಕೆಲಸ ಹೋಗುತ್ತದೆಂಬ ಭಯಕ್ಕೆ ರೋಗಿಗಳು ಹೀಗೆ ಹೇಳುವುದುಂಟು ಎಂದರು. ಆ ‘ಪಾಪ’ವನ್ನು ಎಷ್ಟು ಮೃದುವಾಗಿ ಹೇಳಿದರೆಂದರೆ ಮುಂದಿನ ಸಾಲಿನ ಒಬ್ಬರು ತಲೆದೂಗಿದರು.

ಗಿರಗಿಟ್ಲೆ ಚಪ್ಪಲಿ ಬಿಟ್ಟು ಸಾಲುಗಳ ನಡುವಿನ ದಾರಿಗೆ ಬಂದಳು. ವೇದಿಕೆಯಿಂದ ಬಾಗಿಲಿಗೆ, ಬಾಗಿಲಿಂದ ವೇದಿಕೆಗೆ, ಗೋದಾಮಿನ ವೇಗದಲ್ಲಿ ನಡೆದಳು. ಒಂದು ಸಲ, ಎರಡು ಸಲ, ಆರು ಸಲ. ಇಪ್ಪತ್ತು ನಿಮಿಷ ನೋಡಿ ಸಾರ್, ಒಂದು ಗಂಟೆ ನೋಡಿ ಎಂದು ನಡೆಯುತ್ತಲೇ ಹೇಳಿದಳು. ಅತ್ತೆ ಎದ್ದು, ಸುಳ್ಳು ಹೇಳುವ ಬಾಯಲ್ಲಿ ಹುಳ ಬೀಳಲಿ ಎಂದು ವೇದಿಕೆಯ ಕಡೆ ಕೈ ತೋರಿಸಿದಳು. ಮುಂದಿನ ತಂಡಕ್ಕೆ ಸಮಯವಾಗುತ್ತಿದೆ ಎಂದು ನಿರೂಪಕ ಮೈಕಿನಲ್ಲಿ ವಿನಂತಿಸಿಕೊಂಡ. ಇಬ್ಬರು ವಿದ್ಯಾರ್ಥಿಗಳು ಬಂದು ಅತ್ತೆ ಸೊಸೆಯರನ್ನು ಭುಜ ಹಿಡಿದು, ಬಹಳ ಹುಷಾರಾಗಿ, ರೋಗಿಯನ್ನು ಹೇಗೆ ಹಿಡಿಯಬೇಕೆಂದು ಕಲಿಸಿದ್ದರೋ ಹಾಗೆಯೇ ಹಿಡಿದು ಹೊರಗೆ ಬಿಟ್ಟರು. ಫಲಕ ಹುಡುಗಿಗೆ ಬಂತು, ಹೊಸ ವಿಷಯ ಕಂಡುಹಿಡಿದದ್ದಕ್ಕೆ.

ಕಂಪನಿಗೂ ಜನ ಕಡಿಮೆ ಮಾಡಬೇಕಿತ್ತು, ನೆಪ ಬೇಕಿತ್ತು, ಅದು ವಿದ್ಯಾವಂತರ ಬಾಯಿಂದಲೇ ಸಿಕ್ಕಿತು. ನೂರ ಎಪ್ಪತ್ತೆಂಟನೇ ದಿನ ಪತ್ರ ಬಂತು. ಪರೀಕ್ಷೆಯಲ್ಲಿ ಕಾಲು ಸರಿ ಕಂಡರೂ ಇಪ್ಪತ್ತು ನಿಮಿಷದ ನಡಿಗೆಯ ನಂತರ ಹಳೆಯ ಸ್ಥಿತಿಗೆ ಮರಳುವುದು ಕಾಲೇಜಿನ ಸಂಶೋಧನೆಯಿಂದ ಸಾಬೀತಾಗಿರುವುದರಿಂದ, ಎಂಟು ಗಂಟೆಯ ಪಾಳಿಗೆ ಅಯೋಗ್ಯಳು.

ಆ ದಿನವೂ ಮರುದಿನವೂ ಗಿರಗಿಟ್ಲೆ ಹುಡುಗಿಯನ್ನು ಹುಡುಕಿಕೊಂಡು ಹೋದಳು. ಮರುದಿನ ಮೆಟ್ಟಿಲ ಕೆಳಗೆ ಸಿಕ್ಕಳು. ಎರಡೇ ಸಾಲು ಬರೆದುಕೊಡಿ, ಬೇಕಂತಲೇ ಕುಂಟಿಸಿ ತೆಗೆದದ್ದು ಅಂತ, ನಾಳೆ ಕೊನೇ ದಿನ ಎಂದು ಬೇಡಿದಳು. ಹುಡುಗಿ ಅತ್ತಳು. ಹೆಬ್ಬೆರಳು ಕದಲಿದ ದಿನ ಅತ್ತಷ್ಟೇ ಅತ್ತಳು.

“ಡಿಗ್ರಿ ಕೈಗೆ ಬರಲಿ ಅಕ್ಕ. ಬಂದ ದಿನಾನೇ ಬರ್ಕೊಡ್ತೀನಿ.”

“ಅಷ್ಟೊತ್ತಿಗೆ ನನ್ನ ಹೆಸರು ಇರಲ್ಲ, ಡಾಕ್ಟ್ರಮ್ಮ.”

ಇರಲಿಲ್ಲ. ಮತ್ತೆಲ್ಲೂ ಕೆಲಸ ಸಿಗಲಿಲ್ಲ. ಊರಿನ ಗೋದಾಮುಗಳೆಲ್ಲ ಹಳೆಯ ಕಂಪನಿಯ ಪತ್ರ ಕೇಳುತ್ತಿದ್ದವು, ಇವಳ ಕೈಯಲ್ಲಿದ್ದದ್ದು ಅದೊಂದೇ ಪತ್ರ. ದೊಡ್ಡ ಮಗಳು ಶಾಲೆ ಬಿಟ್ಟು ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತಳು. ಅತ್ತೆ ಬಾಗಿಲಲ್ಲಿ ಕೂರುವುದನ್ನು ಬಿಟ್ಟಳು.

ಮೂರು ತಿಂಗಳ ನಂತರ ಕಾಲೇಜಿನಿಂದ ಫೋನು. ಚಿಕಿತ್ಸೆ ಮುಗಿದ ಮೂರು ತಿಂಗಳಿಗೆ ಇನ್ನೊಮ್ಮೆ ಅಳೆಯಬೇಕಂತೆ, ಅದಾದರೆ ಹುಡುಗಿಯ ಬರಹ ಪೂರ್ತಿಯಾಗಿ ಅಚ್ಚಿಗೆ ಹೋಗುತ್ತದಂತೆ. ಗಿರಗಿಟ್ಲೆ ಬಂದಳು. ಅತ್ತೆಯನ್ನೂ ಕರೆತಂದಳು. ಹುಡುಗಿ ಚುಕ್ಕಿಗಳ ಹಾಳೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಮೇಡಂ ಮೇಜಿನ ಹಿಂದೆ ಕೂತಿದ್ದರು.

“ಮೊದಲು ಆ ಎರಡು ಸಾಲು ಬರೀರಿ. ಆಮೇಲೆ ಎಷ್ಟು ಬೇಕೋ ಅಷ್ಟು ನಡೀತೀನಿ,” ಎಂದಳು ಗಿರಗಿಟ್ಲೆ.

ಮೇಡಂ ಒಪ್ಪಿಗೆ ಪತ್ರದ ಮೂರನೇ ಪುಟ ತೆಗೆದು ತೋರಿಸಿದರು. ಯಾವಾಗ ಬೇಕಾದರೂ ಸಂಶೋಧನೆಯಿಂದ ಹೊರಗೆ ಹೋಗುವ ಸ್ವಾತಂತ್ರ್ಯ ನಿಮಗಿದೆ, ನಾವು ಯಾರನ್ನೂ ಬಲವಂತ ಮಾಡುವವರಲ್ಲ ಎಂದರು. ಗಿರಗಿಟ್ಲೆ ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಬರೆಯುವ ತನಕ ಏಳುವುದಿಲ್ಲ ಎಂದಳು. ಅತ್ತೆ ಅವಳ ಪಕ್ಕ ಕೂತಳು.

ಒಳಗೆ ಹುಡುಗಿ ನೋಂದಣಿ ಪುಸ್ತಕ ತೆರೆದಳು. ಏಳನೇ ನಂಬರಿನ ಮುಂದೆ ಏನು ಬರೆಯಲಿ ಎಂದು ಕೇಳಿದಳು. ನಿರಾಕರಿಸಿದಳು ಎಂದು ಬರೆದರೆ ಕಾರಣ ಬರೆಯಬೇಕಾಗುತ್ತದೆ ಎಂದರು ಮೇಡಂ. ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದರೆ ಯಾವ ಕಾರಣವೂ ಬೇಕಿಲ್ಲ, ಪ್ರತಿ ಸಂಶೋಧನೆಯಲ್ಲೂ ಅಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಬಾಗಿಲು ಅರ್ಧ ತೆರೆದಿತ್ತು. ಆ ಸಂದಿಯಲ್ಲಿ ಗಿರಗಿಟ್ಲೆಯ ಬಲಗಾಲು ಕಾಣುತ್ತಿತ್ತು, ಪಾದ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು, ಕಾಯುವವರ ಕಾಲು ಆಡುವ ಹಾಗೆ. ಹುಡುಗಿ ಅದನ್ನು ನೋಡಿದಳು. ಅಂದಾಜಿಗೆ ಹದಿನೆಂಟು ಡಿಗ್ರಿ ಎಂದು ಅವಳ ಕಣ್ಣು ತಾನಾಗಿ ಅಳೆಯಿತು. ಪುಸ್ತಕದ ಕಡೆ ತಿರುಗಿ, ಗುಂಡಗಿನ ಅಕ್ಷರಗಳಲ್ಲಿ ಬರೆದಳು: ಸಂಪರ್ಕಕ್ಕೆ ಸಿಗಲಿಲ್ಲ.

ಆಮೇಲೆ ಬಾಗಿಲಿಗೆ ಬಂದು ಎಂಟನೇ ನಂಬರನ್ನು ಕರೆದಳು. ಊರುಗೋಲಿನ ಮುದುಕನೊಬ್ಬ ಎದ್ದು ಬಂದ. ಅವನಿಗೆ ದಾರಿಯಾಗಲೆಂದು ಗಿರಗಿಟ್ಲೆ ಕಾಲು ಒಳಕ್ಕೆ ಎಳೆದುಕೊಂಡಳು.