ಕಪ್ಪೆಗೆ ಇಟ್ಟ ಹೆಸರು

ಬೇಸ್‌ಬಾಲ್ ಆಟದಲ್ಲಿ ಬ್ಯಾಟು ಹಿಡಿದವನ ಹಿಂದೆ ಹದಿನಾರು ವರ್ಷ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿದರೆ ಯಾರ ಮಂಡಿ ತಾನೇ ಉಳಿದೀತು? ಎಮಿಲ್ ಕುಬಿಚೆಕ್‌ಗೆ ಈಗ ಬಸ್ಸಿನ ಮೆಟ್ಟಿಲು ಹತ್ತುವುದೇ ಸಾಕುಸಾಕಾಗುತ್ತಿತ್ತು. ಇವತ್ತು ಅವನ ಕೊನೆಯ ಆಟ. ಅದೂ ಕೊನೆಯ ಸುತ್ತಿನಲ್ಲಿ ಒಂದು ಸಲ ಬ್ಯಾಟಿಗೆ ಕಳಿಸುತ್ತೇನೆ, ಅಷ್ಟೇ ಎಂದಿದ್ದ ಕೋಚ್. ಐಯೋವಾದ ಈ ಸಣ್ಣ ಊರಿನ ತಂಡಕ್ಕೆ ಮಾಲೀಕರು ಬದಲಾದಾಗಲೆಲ್ಲ ಹೆಸರೂ ಬದಲಾಗಿತ್ತು. ಮೊದಲು ರೈಲಿನವರು, ಆಮೇಲೆ ಜೋಳದ ರಾಜರು, ಈಗ ಹೆಗ್ಗಣಗಳು. ಬದಲಾಗದೆ ಉಳಿದದ್ದು ಅವನ ಅಡ್ಡಹೆಸರೊಂದೇ, ಕಪ್ಪೆ.

ಧ್ವನಿವರ್ಧಕದಲ್ಲಿ ಆಟಗಾರರ ಹೆಸರು ಕೂಗುವ ಹಾರ್ಲನ್ ‘ಕಪ್ಪೆ’ ಅಂದದ್ದೇ ತಡ, ಮುದುಕರು, ಮಕ್ಕಳು, ಬಿಯರ್ ಮಾರುವವರು ಎಲ್ಲರೂ ಸೇರಿ ವಟಗುಟ್ಟುವುದು ಊರಿನ ಪದ್ಧತಿ. ಅದನ್ನು ಸಹಿಸದವಳು ಅವನ ತಾಯಿ ಬ್ಲಾಂಚ್ ಒಬ್ಬಳೇ. ಮಗ ಹುಟ್ಟುವ ಮೊದಲೇ ತೀರಿಕೊಂಡ ಗಂಡನ ಹೆಸರನ್ನು ಅವಳು ಮಗನಿಗೆ ಇಟ್ಟಿದ್ದಳು. ಒಮ್ಮೆ ಬಂದು ಆ ವಟವಟ ಕೇಳಿದವಳು ಮತ್ತೆ ಇತ್ತ ತಲೆಹಾಕಿರಲಿಲ್ಲ. ಇವತ್ತು ಮಾತ್ರ ಗಸಗಸೆ ಹೂರಣದ ಬನ್ನಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಒಂದೇ ಒಂದು ಸಲ ಅಪ್ಪನ ಆ ಹೆಸರು ಅವಳಿಗೆ ಇಲ್ಲಿ ಕೇಳಿಸಬೇಕು. ಎಮಿಲ್‌ಗೆ ಬೇರೇನೂ ಬೇಕಿರಲಿಲ್ಲ. ಆಟಕ್ಕೆ ಮುಂಚೆ ಕುಂಟುತ್ತಾ ಹಾರ್ಲನ್‌ನ ಗೂಡಿಗೆ ಹೋದ.

“ಇವತ್ತು ಕಪ್ಪೆ ಅನ್ಬೇಡ ಕಣಯ್ಯ. ಅಮ್ಮ ಬಂದಿದಾಳೆ. ನನ್ ಹೆಸ್ರು ಹೇಳು.”

“ಹೆಸ್ರಾ?” ಹಾರ್ಲನ್ ಕನ್ನಡಕ ಹಣೆಗೇರಿಸಿದ. “ಬೇಜಾರ್ ಮಾಡ್ಕೋಬೇಡಪ್ಪ... ಏನದು ನಿನ್ ಹೆಸ್ರು?”

ಎಮಿಲ್‌ಗೆ ನಗಲೂ ತ್ರಾಣವಿರಲಿಲ್ಲ. ಹೇಳಿದ.

ಕೊನೆಯ ಸುತ್ತು ಬಂತು. ಹೆಲ್ಮೆಟ್ಟನ್ನು ಹುಬ್ಬಿನವರೆಗೆ ಎಳೆದುಕೊಂಡು ಅವನು ಅಂಗಳಕ್ಕಿಳಿದ.

“ಈಗ ಬ್ಯಾಟಿಗೆ, ಎಮಿಲ್ ಕುಬಿಚೆಕ್!”

ಸಾಸೇಜ್ ತಿನ್ನುವವರು ತಿನ್ನುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು.

“ಯಾವನೋ ಇವ್ನು?” ಅವಳ ಹಿಂದೆ ಕೂತವನು ಕೂಗಿದ. “ಕೊನೇ ದಿನಾನೂ ಕಪ್ಪೇನ ಕಳಿಸ್ಲಿಲ್ವಲ್ರೋ! ಏಯ್ ಕುಬಿಚೆಕ್ಕು, ಹೋಗಯ್ಯ ಒಳಗೆ!”

ಅಲ್ಲಲ್ಲಿ ಸಿಳ್ಳೆ, ‘ಹೋಗೋ ಹೋಗೋ’ ಎಂಬ ಕೂಗು ಎದ್ದಿತು. ತಾಯಿಗೆ ಕೇಳಲೆಂದು ಹೇಳಿಸಿದ ಹೆಸರನ್ನು ತಾಯಿಯ ಎದುರಿಗೇ ಬೈಯುತ್ತಿದ್ದರು. ಅವಳ ಕಡೆ ತಿರುಗಲು ಮುಖವಿಲ್ಲದಿದ್ದರೂ ಎಮಿಲ್ ತಿರುಗಿದ.

ಬ್ಲಾಂಚ್ ಎದ್ದು ನಿಂತಿದ್ದಳು. ಡಬ್ಬಿ ಕೆಳಗಿಟ್ಟು, ಎರಡೂ ಅಂಗೈ ಬಾಯಿಯ ಸುತ್ತ ಹಿಡಿದು, ಒಣಗಿದ ಮುದಿ ಗಂಟಲಿನಲ್ಲಿ ಅವಳು ಕೂಗಿದಳು.

“ವಟರ್! ವಟರ್!”

ಹಿಂದಿನವನು ಅವಳನ್ನು ನೋಡಿದ, ಆಮೇಲೆ ಅಂಗಳದಲ್ಲಿದ್ದವನ ಮಂಡಿ ನೋಡಿದ. “ಅಯ್ಯಯ್ಯೋ, ನಮ್ ಕಪ್ಪೆ ಕಣ್ರೋ ಅದು!”

ಇಡೀ ಮೈದಾನ ವಟಗುಟ್ಟಿತು. ಅವಳೂ ನಿಲ್ಲಿಸಲಿಲ್ಲ.

“ರೆಡಿನಾ, ಕಪ್ಪೆ?” ಅಂಪೈರ್ ಕೇಳಿದ.

“ಒಂದ್ ನಿಮಿಷ ತಡಿ,” ಎಂದ ಎಮಿಲ್. “ಅಮ್ಮ ಕೂಗ್ತಿದಾಳೆ.”