ಹಳೇ ಪೊಲೀಸ್ ಕಾರಿಗೆ ಮಿಟುಕುವ ದೀಪ ಹಾಕಿದ ಡೆಲ್ಬರ್ಟ್

ವರ್ನಾ ಹದಿನಾರು ವರ್ಷದಿಂದ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಳು. ಅಷ್ಟೂ ವರ್ಷ ಅವಳ ರಕ್ತ ಕುದಿಸಿದ್ದು ಒಂದೇ ಸಂಗತಿ. ಬಸ್ಸು ನಿಂತು, ಪಕ್ಕದಿಂದ ‘ನಿಲ್ಲಿ’ ಎಂಬ ಕೆಂಪು ಫಲಕ ಚಾಚಿ, ಮಕ್ಕಳು ರಸ್ತೆ ದಾಟುತ್ತಿದ್ದರೂ ಕೆಲವರು ಕಾರು ನಿಲ್ಲಿಸದೆ ಭರ್ರೆಂದು ಹೋಗಿಬಿಡುತ್ತಿದ್ದರು. ಇಂಡಿಯಾನಾ ರಾಜ್ಯದ ಆ ಮೆಕ್ಕೆಜೋಳದ ಹೊಲಗಳ ನಡುವೆ ರಸ್ತೆ ದಾರ ಎಳೆದ ಹಾಗೆ ನೆಟ್ಟಗಿದೆ, ಯಾರಿಗೂ ಬ್ರೇಕಿನ ನೆನಪೇ ಆಗುವುದಿಲ್ಲ. ದಿನಾ ಸಂಜೆ ಊಟದ ಮೇಜಿನಲ್ಲಿ ವರ್ನಾ ಇದನ್ನೇ ಹೇಳುವುದು, ಗಂಡ ಡೆಲ್ಬರ್ಟ್ ಆಲೂಗಡ್ಡೆ ನುಂಗುತ್ತ ಕೇಳುವುದು.

ಅವನು ಕೇಳಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೆಂಡತಿಗೆ ಸಹಾಯ ಮಾಡಬೇಕು ಎಂದು ಹರಾಜಿಗೆ ಹೋಗಿ ಒಂದು ಹಳೇ ಪೊಲೀಸ್ ಕಾರು ತಂದ. ಅದು ಎಷ್ಟು ಓಡಿತ್ತೆಂದರೆ, ಚಂದ್ರನ ಕಡೆ ಹೊರಟಿದ್ದರೆ ಇಷ್ಟೊತ್ತಿಗೆ ಅಲ್ಲಿ ಪಾರ್ಕಿಂಗ್ ಹುಡುಕುತ್ತಿತ್ತು. ಹಿಂದಿನ ಸೀಟಿನಲ್ಲಿ ಇಡೀ ಜಿಲ್ಲೆಯ ಕಳ್ಳರ ಬೆವರಿನ ವಾಸನೆ. ಮಾರುವ ಮುಂಚೆ ಪೊಲೀಸರು ಮೇಲಿನ ದೀಪ ಕಿತ್ತು, ಹೆಡ್‌ಲೈಟುಗಳನ್ನು ಎಡದ್ದೊಮ್ಮೆ ಬಲದ್ದೊಮ್ಮೆ ಮಿಟುಕಿಸುವ ಡಬ್ಬಿ ತೆಗೆದು, ಅದರ ವೈರುಗಳನ್ನು ಕತ್ತರಿಸಿ ಬಿಟ್ಟಿದ್ದರು. ಡೆಲ್ಬರ್ಟನ ಕಣ್ಣು ಹೋಗಿದ್ದು ನೇರ ಆ ವೈರುಗಳಿಗೆ. ಅಂಥದ್ದೇ ಡಬ್ಬಿ ತರಿಸಿ ಕೂಡಿಸುತ್ತೇನೆ, ಬಸ್ಸಿನ ಹಿಂದೆ ಹಿಂದೆ ಮಿಟುಕಿಸುತ್ತ ಬರುತ್ತೇನೆ, ಆಗ ಯಾರು ನಿಲ್ಲಿಸುವುದಿಲ್ಲವೋ ನೋಡೋಣ ಎಂದ.

ವರ್ನಾ ಚಮಚ ಕೆಳಗಿಟ್ಟಳು. "ಅವರು ಅದನ್ನ ಕತ್ತರಿಸಿದ್ದು ನೀನು ಕೂಡಿಸ್ಲಿ ಅಂತಲ್ಲ ಮಾರಾಯ. ಪೊಲೀಸ್ ಅಲ್ಲದೋರು ಅದನ್ನ ಹಾಕೋ ಹಾಗೇ ಇಲ್ಲ. ಹಿಂದಿಂದ ಹಾಗೆ ಮಿಟುಕಿಸಿದ್ರೆ ಜನ ಗಾಡಿ ನಿಲ್ಲಿಸಿಬಿಡ್ತಾರೆ."

"ನಿಲ್ಲಿಸ್ಲಿ ಅಂತಾನೇ ಅಲ್ವೇನೆ ಹಾಕ್ತಿರೋದು?"

"ಎಲ್ಲಿ ನಿಲ್ಲಿಸ್ತಾರೆ ಅಂತ ನಿಂಗೊತ್ತಾ?"

ಅವನು ಇನ್ನೊಂದು ಆಲೂಗಡ್ಡೆ ಬಾಯಿಗೆ ಹಾಕಿಕೊಂಡ.

ಮೂರು ಶನಿವಾರ ಅವನ ತಲೆ ಬಾನೆಟ್ಟಿನ ಒಳಗೇ ಇತ್ತು. ಯಾವ ವೈರು ಯಾವುದಕ್ಕೆ ಎಂದು ಒಂದು ಗುರುತೂ ಇರಲಿಲ್ಲ. ಕೊನೆಗೆ ಬ್ಯಾಟರಿಯಿಂದ ಹೊಸ ಡಬ್ಬಿಗೆ ನೇರ ವೈರು ಎಳೆದು ಸುತ್ತಿಬಿಟ್ಟ, ನಡುವೆ ಒಂದು ಫ್ಯೂಸೂ ಇಲ್ಲ. ಕನಿಷ್ಠ ಫ್ಯೂಸಾದರೂ ಹಾಕು ಎಂದು ವರ್ನಾ ಹೇಳಿ ಹೇಳಿ ಸೋತಳು. ಕಾರನ್ನು ಬೀದಿಗೆ ತಂದು ದೀಪದ ಗುಂಡಿ ಒತ್ತಿದ. ಎಡ, ಬಲ, ಎಡ, ಬಲ. ಎದುರು ಮನೆಯವನು ಹುಲ್ಲು ಕತ್ತರಿಸುವ ಯಂತ್ರವನ್ನೇ ಬದಿಗೆ ನಿಲ್ಲಿಸಿ ಕೈ ಮೇಲೆತ್ತಿದ. ಡೆಲ್ಬರ್ಟ್ ನಕ್ಕ, ವರ್ನಾ ನಗಲಿಲ್ಲ.

ಮರುವಾರ ವರ್ನಾಳಿಗೆ ದವಡೆ ಹಲ್ಲು ಕೀಳಿಸಬೇಕಾಗಿ ಬಂತು. ಅವತ್ತು ಬಸ್ಸಿಗೆ ಬದಲಿ ಚಾಲಕಿ ಓರ್ಫಾ ಬಂದಳು. ಅರವತ್ತೆಂಟು ವಯಸ್ಸು, ಒಂದು ನಿಯಮ ತಪ್ಪಿದವಳಲ್ಲ. ಆದರೆ ಅವಳು ಓಡಿಸಿ ಅಭ್ಯಾಸವಿದ್ದದ್ದು ಗಿಡ್ಡ ಬಸ್ಸು. ಇದು ಉದ್ದದ್ದು.

ಮಧ್ಯಾಹ್ನ ಡೆಲ್ಬರ್ಟ್ ಹೆಂಡತಿಯನ್ನು ಕೂರಿಸಿಕೊಂಡು ವಾಪಸ್ಸು ಬರುತ್ತಿದ್ದ. ಅವಳ ಬಾಯಿ ತುಂಬ ಹತ್ತಿ, ಅರ್ಧ ಮುಖ ಮರಗಟ್ಟಿತ್ತು. ರೈಲು ಹಳಿಯ ಹತ್ತಿರ ಮಕ್ಕಳನ್ನು ಮನೆಗೆ ಬಿಡಲು ಹೊರಟ ಬಸ್ಸು ಸಿಕ್ಕಿತು. ಅಲ್ಲಿ ಗೇಟಿಲ್ಲ, ಗಂಟೆಯಿಲ್ಲ, ಅಡ್ಡ ಹಲಗೆಯ ಒಂದು ಕಂಬ ಮಾತ್ರ. ಓರ್ಫಾ ನಿಯಮದಂತೆ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟು ಕೇಳಿ, ನಿಧಾನಕ್ಕೆ ಹಳಿ ದಾಟತೊಡಗಿದಳು.

ನೋಡು ಈಗ ಕಾವಲು ಹೇಗಿರುತ್ತೆ ಎಂದು ಡೆಲ್ಬರ್ಟ್ ಗುಂಡಿ ಒತ್ತಿಯೇಬಿಟ್ಟ. ವರ್ನಾ ಅವನ ಕೈ ಹಿಡಿಯುವಷ್ಟರಲ್ಲಿ ಓರ್ಫಾ ಕನ್ನಡಿಯಲ್ಲಿ ದೀಪ ನೋಡಿದ್ದಳು. ನೋಡಿದವಳು ಬಲಕ್ಕೆ ಎಳೆದು ತಟ್ಟನೆ ನಿಲ್ಲಿಸಿದಳು. ಮುಂದಿನ ಚಕ್ರ ಹಳಿಯಾಚೆ ಇತ್ತು. ಹಿಂದಿನ ಎರಡು ಸಾಲು ಸೀಟು, ಅದರಲ್ಲಿ ಕೂತ ಆರು ಮಕ್ಕಳು, ಸರಿಯಾಗಿ ಹಳಿಯ ಮೇಲೆ.

ಪಶ್ಚಿಮದಲ್ಲಿ ಧಾನ್ಯದ ಗೂಡ್ಸು ರೈಲು ಕೂಗಿತು.

ಡೆಲ್ಬರ್ಟ್ ಕಾರಿಂದ ಹಾರಿ ಓಡಿದ. ಓರ್ಫಾ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ನೆಟ್ಟಗೆ ಕೂತಿದ್ದಳು. ಬಸ್ಸು ಮುಂದೆ ತಗೊಳ್ಳಿ, ಬಾಲ ಹಳಿ ಮೇಲಿದೆ ಎಂದು ಕಿಟಕಿ ಬಡಿದ.

"ಇರಪ್ಪ ಡೆಲ್ಬರ್ಟ್. ನನ್ನ ಬಸ್ಸು ದಾಟಿಯಾಗಿದೆ. ಹಿಂದೆ ಪೊಲೀಸರು ನಿಲ್ಲಿಸಿದಾರೆ, ಅವರು ಬರೋವರೆಗೂ ಅಲ್ಲಾಡಬಾರದು."

"ಆ ಪೊಲೀಸು ನಾನೇ ಕಣಮ್ಮ."

"ನಿಂಗೆ ಯಾರಪ್ಪ ಪೊಲೀಸ್ ಕೆಲಸ ಕೊಟ್ರು? ಸರಿ, ನೀನೇ ಆದ್ರೆ ಆ ದೀಪ ಯಾಕಿನ್ನೂ ಉರೀತಿದೆ?"

ಕಾರಿನಲ್ಲಿ ವರ್ನಾ ಗುಂಡಿ ಒತ್ತುತ್ತಲೇ ಇದ್ದಳು. ಬಿಸಿಗೆ ಒಳಗೆ ಏನೋ ಅಂಟಿಕೊಂಡಿತ್ತು. ಎಡ, ಬಲ, ಎಡ, ಬಲ. ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು, ದೀಪ ನಿಲ್ಲಲಿಲ್ಲ, ಬ್ಯಾಟರಿಗೆ ನೇರ ಕಟ್ಟಿದ್ದನಲ್ಲ ಮಹಾನುಭಾವ. ಬೈಯಲು ಬಾಯಿಯಿಲ್ಲ. ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ, ಸಿಕ್ಕ ಡಬ್ಬಿಯನ್ನು ವೈರಿನ ಸಮೇತ ಕರುಳು ಎಳೆದ ಹಾಗೆ ಎಳೆದಳು. ಅಂಗೈ ಸುಟ್ಟಿತು. ದೀಪ ಆರಿತು.

ಕನ್ನಡಿ ಕತ್ತಲಾದ ಕೂಡಲೆ ಓರ್ಫಾ ಗೇರು ಹಾಕಿದಳು. ಬಸ್ಸು ಇಪ್ಪತ್ತು ಅಡಿ ಮುಂದೆ ಹೋಯಿತು. ರೈಲು ಬಂತು, ನೂರಾ ಹತ್ತು ಬೋಗಿಗಳು ದಡದಡನೆ ಹೋಗುತ್ತಲೇ ಇದ್ದವು. ಹಳಿಯ ಈಚೆ ವರ್ನಾ ಸುಟ್ಟ ಕೈ ಹಿಡಿದು ನಿಂತಿದ್ದಳು, ಆಚೆ ಡೆಲ್ಬರ್ಟ್ ಹುಲ್ಲಿನ ಮೇಲೆ ಕೂತು ಬಸ್ಸಿನ ಕಿಟಕಿಗಳಲ್ಲಿ ಮಕ್ಕಳ ತಲೆ ಎಣಿಸುತ್ತಿದ್ದ.

ವರ್ನಾಳ ಬಾಯಿಯ ಜೋಮು ಇಳಿಯಲು ನಾಲ್ಕು ಗಂಟೆ ಬೇಕಾಯಿತು. ಆಮೇಲೆ ಗಂಡನನ್ನು ಎದುರಿಗೆ ಕರೆದಳು. "ಆರು ಮಕ್ಕಳ ಹೆಸರು ಹೇಳ್ತೀನಿ, ಕೂತ್ಕೊಂಡು ಕೇಳು," ಎಂದು ಒಂದೊಂದಾಗಿ ಹೇಳಿದಳು. ಡೆಲ್ಬರ್ಟ್ ಮರುದಿನ ತಾನೇ ಪೊಲೀಸ್ ಕಚೇರಿಗೆ ಹೋಗಿ ನಡೆದದ್ದು ಹೇಳಿ ದಂಡ ಕಟ್ಟಿದ, ಆ ಆರು ಮನೆಗಳಿಗೂ ಹೋಗಿ ತಲೆತಗ್ಗಿಸಿ ಕ್ಷಮೆ ಕೇಳಿದ. ನಿಲ್ಲಿಸದೆ ಓಡುವ ಕಾರುಗಳ ನಂಬರು ಬರೆದುಕೊಂಡು ಪೊಲೀಸರಿಗೆ ಕೊಡುವುದು ಈಗ ಅವನ ಕೆಲಸ. ಶಾಲೆಯವರು ತೀರಾ ಅಪಾಯದ ಬಸ್ ನಿಲ್ದಾಣವನ್ನೇ ಚರ್ಚಿನ ಅಂಗಳಕ್ಕೆ ಬದಲಾಯಿಸಿದರು, ಅಲ್ಲೀಗ ಮಕ್ಕಳು ರಸ್ತೆ ದಾಟುವ ಗೋಜೇ ಇಲ್ಲ. ಇಷ್ಟನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ವರ್ನಾ ಇನ್ನೂ ಗೊಣಗುತ್ತಾಳೆ.

ಅಣ್ಣಂದಿರೇ, ಅಕ್ಕಂದಿರೇ, ಹಳೇ ಪೊಲೀಸ್ ಕಾರು ಕೊಂಡರೆ ಧಾರಾಳವಾಗಿ ಓಡಿಸಿ. ಆದರೆ ಕತ್ತರಿಸಿದ ವೈರು ಕತ್ತರಿಸಿದಂತೆಯೇ ಇರಲಿ. ಮಿಟುಕುವ ದೀಪ ಅಧಿಕಾರ ಇದ್ದವರಿಗೆ ಮಾತ್ರ, ಅದನ್ನು ಕೂಡಿಸುವುದು ಕೆಲಸ ಬಲ್ಲವರಿಗೆ ಮಾತ್ರ. ಇನ್ನು, ನಿಮ್ಮ ಹಿಂದೆಯೇ ಅಂಥ ದೀಪ ಮಿಟುಕಿದರೆ ಗಾಬರಿಯಿಂದ ಇದ್ದಲ್ಲೇ ನಿಲ್ಲಬೇಡಿ. ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಹಳಿ ದಾಟಿ, ಸೇತುವೆ ದಾಟಿ, ಗಟ್ಟಿ ನೆಲ ಸಿಕ್ಕಮೇಲೆ ನಿಲ್ಲಿ. ನಿಜವಾದ ಪೊಲೀಸರಾದರೆ ನೂರು ಅಡಿ ನಿಮ್ಮ ಹಿಂದೆ ಬರುತ್ತಾರೆ. ರೈಲು ನಿಮಗಾಗಿ ಒಂದು ಅಡಿಯೂ ಪಕ್ಕಕ್ಕೆ ಸರಿಯುವುದಿಲ್ಲ.