ನಡುವಿಗೋ ಅಂಚಿಗೋ

ನ್ಯಾಯಾಲಯದಲ್ಲಿ ಅವಳದು ದುಭಾಷಿ ಕೆಲಸ. ಗಂಡ ಹೆಂಡಿರ ಜಗಳ, ಕಾಂಪೌಂಡ್ ತಕರಾರು, ಬಾಡಿಗೆ ವ್ಯಾಜ್ಯ ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಬಂದೂಕನ್ನು ಮಾತ್ರ ಹತ್ತಿರದಿಂದ ಕಂಡವಳೇ ಅಲ್ಲ. ಆದರೂ ಆ ಬೆಳಿಗ್ಗೆ ಗೋದಾಮಿನ ಮುದಿ ಕಾವಲುಗಾರನ ಪಕ್ಕ ನಿಲ್ಲಬೇಕಾಯಿತು. ಅವನಿಗೆ ಮನೆಮಾತು ಬಿಟ್ಟು ಬೇರೆ ಬಾರದು. ಅದನ್ನು ಬಲ್ಲವಳು ಅಲ್ಲಿ ಅವಳೊಬ್ಬಳೇ.

ಗೋದಾಮಿನ ಮಾಲೀಕರ ಭುಜಕ್ಕೆ ಯಾರೋ ಗುಂಡು ಹೊಡೆದಿದ್ದರು. ಮಾಲೀಕರು ಉಳಿದುಕೊಂಡರು, ಹೊಡೆದವನ ಮುಖ ಕಂಡಿರಲಿಲ್ಲ. ಹೆಗ್ಗಣ ಹೊಡೆಯಲೆಂದು ಕಾವಲುಗಾರನ ಹತ್ತಿರ ಒಂದು ಸಣ್ಣ ಬಂದೂಕಿತ್ತು. ಅದು ಹಿಂದಿನ ವಾರವೇ ಕಳುವಾಗಿತ್ತು ಅಂತ ಅವನು ಹೇಳಿದರೆ ನಂಬುವವರಿಲ್ಲ. ಭುಜದಿಂದ ತೆಗೆದ ಗುಂಡಿನ ದಪ್ಪ ಅವನ ಬಂದೂಕಿನ ಅಳತೆಯದೇ. ಅಂಗಳದಲ್ಲಿ ಒಂದು ಸುಟ್ಟ ತೋಟಾದ ಹಿತ್ತಾಳೆ ಚಿಪ್ಪೂ ಸಿಕ್ಕಿತ್ತು.

ಬಂದೂಕು ತಜ್ಞರು ಬಂದು ಪಟಪಟನೆ ಶುರುಹಚ್ಚಿಕೊಂಡರು. ರಿಮ್‌ಫೈರ್ ಅಂದರು, ಸೆಂಟರ್‌ಫೈರ್ ಅಂದರು. ರಿಮ್ ಅಂದರೆ ಅಂಚು, ಸೆಂಟರ್ ಅಂದರೆ ನಡು, ಅಷ್ಟು ಅವಳಿಗೆ ಗೊತ್ತಿತ್ತು. ಸರ್ಕಾರಿ ವಕೀಲರು ಕಾವಲುಗಾರನ ಕಡೆ ತಿರುಗಿ, "ನಿನ್ನದು ಯಾವುದು?" ಅಂದರು.

"ತಾತ, ನಿಮ್ಮ ಬಂದೂಕು ನಡುವಿಗೆ ಹೊಡೆಯುತ್ತಾ, ಅಂಚಿಗೆ ಹೊಡೆಯುತ್ತಾ ಅಂತ ಕೇಳ್ತಿದಾರೆ."

ಮುದುಕನ ಮುಖ ಅರಳಿತು. "ನಡುವಿಗೇ ತಾಯಿ! ಹೆಗ್ಗಣದ ಹಣೆ ನಡುವಿಗೆ. ಅಂಚಿಗೆ ಹೊಡೆಯೋಕೆ ನನಗೇನು ಕಣ್ಣು ಹೋಗಿದ್ಯಾ?"

ಹೆಗ್ಗಣದ ಮಾತು ಹೇಳಿದರೆ ಜನ ನಗುತ್ತಾರೆಂದು ಅವಳು ಅದನ್ನು ನುಂಗಿಕೊಂಡು, "ಸೆಂಟರ್ ಅಂತಾರೆ" ಅಂದಳು.

ಸರ್ಕಾರಿ ವಕೀಲರು ಗೆದ್ದವರಂತೆ ಕೂತರು. ಮುದುಕನ ವಕೀಲೆಯ ಮುಖ ಬಿಳಿಚಿಕೊಂಡಿತು. ದುಭಾಷಿಗೆ ತಲೆಬುಡ ತಿಳಿಯಲಿಲ್ಲ. ಗುರಿ ಸರಿಯಿದ್ದರೆ ಅದೇನು ಅಪರಾಧವೇ? ಅಷ್ಟರಲ್ಲಿ ತಜ್ಞರು ಅಂಗಳದ ಚಿಪ್ಪನ್ನು ಎತ್ತಿ, "ನೋಡಿ, ತಳದ ನಡುವೆಯೇ ಏಟು ಬಿದ್ದಿದೆ" ಅಂದರು.

ತಳವೇ? ಈ ತಳ ಎಲ್ಲಿಂದ ಬಂತು?

ಅವಳು ಕೈ ಎತ್ತಿದಳು. "ಸ್ವಾಮಿ, ನನಗೆ ಅರ್ಥ ಆಗಿಲ್ಲ. ಅರ್ಥ ಆಗದೆ ಮಾತಾಡಿಬಿಟ್ಟೆ ಅನ್ನಿಸುತ್ತೆ."

ನ್ಯಾಯಾಧೀಶರು ಕನ್ನಡಕ ತೆಗೆದರು. "ಅವರು ಹೇಳಿದ್ದನ್ನ ಒಂದಕ್ಷರ ಬಿಡದೆ ಹೇಳಿ."

ಅವಳು ಹೆಗ್ಗಣದ ಹಣೆಯನ್ನೂ ಸೇರಿಸಿ ಹೇಳಿದಳು. ಸಭಾಂಗಣ ಗೊಳ್ಳೆಂದಿತು. ತಜ್ಞರು ಮಾತ್ರ ನಗಲಿಲ್ಲ. ಅಂಗಳದ ಚಿಪ್ಪು, ತಾವು ಮಾದರಿಗೆ ತಂದಿದ್ದ ಇನ್ನೊಂದು ಚಿಪ್ಪು ಎರಡನ್ನೂ ಹಿಡಿದು ಅವಳ ಹತ್ತಿರ ಬಂದರು.

"ಬಂದೂಕಿನ ಕುದುರೆ, ಅಂದ್ರೆ ಟ್ರಿಗರ್, ಎಳೆದಾಗ ಒಳಗಿನ ಮೊಳೆ ತೋಟಾದ ತಳಕ್ಕೆ ಬಡಿಯುತ್ತೆ. ಇದರಲ್ಲಿ ಕಿಡಿ ಹುಟ್ಟಿಸೋ ಮದ್ದು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಇರುತ್ತೆ. ಮೊಳೆ ಅಂಚಿಗೆ ಬಡೀಬೇಕು. ಅದು ರಿಮ್‌ಫೈರ್. ಈ ಇನ್ನೊಂದರಲ್ಲಿ ನಡುವೆ ಪುಟ್ಟ ಬಟ್ಟಲು ಕೂರಿಸಿದಾರೆ, ಕಿಡಿಮದ್ದು ಅದರಲ್ಲಿ. ಮೊಳೆ ನಡುವಿಗೇ ಬಡೀಬೇಕು. ಅದು ಸೆಂಟರ್‌ಫೈರ್."

"ಹಾಗಾದ್ರೆ ಗುಂಡು ಹೋಗಿ ಎಲ್ಲಿ ತಗಲುತ್ತೆ ಅನ್ನೋದಕ್ಕೂ ಇದಕ್ಕೂ?"

"ಸಂಬಂಧಾನೇ ಇಲ್ಲ."

ಅವಳು ಅಪ್ಪಣೆ ಪಡೆದು ಎರಡೂ ಚಿಪ್ಪನ್ನು ಮುದುಕನಿಗೆ ತೋರಿಸಿದಳು. "ತಾತ, ಗುರಿ ಮಾತು ಬಿಡಿ. ನಿಮ್ಮ ತೋಟಾ ಸುಟ್ಟ ಮೇಲೆ ತಳದಲ್ಲಿ ತಗ್ಗು ಎಲ್ಲಿ ಬೀಳ್ತಿತ್ತು?"

ಅವನು ಕಣ್ಣು ಕಿರಿದು ಮಾಡಿದ. "ಅಂಚಲ್ಲಿ, ಇದರ ಥರ. ನನ್ನ ರೂಮಲ್ಲಿ ಒಂದು ಡಬ್ಬಿ ತುಂಬ ಇದ್ವಲ್ಲ, ಪೊಲೀಸರು ಹೊತ್ಕೊಂಡು ಹೋದ್ರಲ್ಲ?"

ಡಬ್ಬಿ ಪೊಲೀಸರು ಮೂಲೆಯಲ್ಲಿ ತಂದಿಟ್ಟ ಚೀಲದಲ್ಲೇ ಇತ್ತು. ಯಾರೂ ಮುಚ್ಚಳ ತೆಗೆದಿರಲಿಲ್ಲ. ತಜ್ಞರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಎಲ್ಲದರ ಗುರುತೂ ಅಂಚಿನಲ್ಲೇ. "ಗುಂಡಿನ ದಪ್ಪ ಒಂದೇ, ನಿಜ. ಆದ್ರೆ ಅಂಗಳದ ತೋಟಾ ಇವರ ಬಂದೂಕಿನಲ್ಲಿ ಸಿಡಿಯೋದೇ ಇಲ್ಲ."

ಅವನ ಹತ್ತಿರ ಇನ್ನೊಂದು ಬಂದೂಕು ಇದ್ದಿರಬಹುದು ಅಂತ ಸರ್ಕಾರಿ ವಕೀಲರು ಪಟ್ಟು ಹಿಡಿದರು. ವಿಚಾರಣೆ ಮುಂದಕ್ಕೆ ಹೋಯಿತು. ಅಂಥ ಬಂದೂಕು ಎಲ್ಲಿಯೂ ಸಿಗಲಿಲ್ಲ. ಮುಂದಿನ ವಾಯಿದೆಗೆ ಮುದುಕನನ್ನು ಬಿಟ್ಟರು. ಹೊಡೆದವರು ಯಾರು ಅನ್ನುವುದು ಇವತ್ತಿಗೂ ತಿಳಿದಿಲ್ಲ.

ಬಿಡುಗಡೆಯ ದಿನ ಅವನು ಬಾಗಿಲ ಬಳಿ ಅವಳನ್ನು ತಡೆದ. "ತಾಯಿ, ನಡುವಿಗೆ ಹೊಡೀತೀನಿ ಅಂದಾಗ ಹುಲಿ ಕಂಡಂಗೆ ನೋಡಿದ್ರು. ಅಂಚಿಗೆ ಅಂದಾಗ ಬಿಟ್ರು. ಗುರಿ ತಪ್ಪೋನೇ ಒಳ್ಳೆಯವನಾ?"

"ತಪ್ಪು ನನ್ನದು ತಾತ" ಅಂದು ಅವಳು ಮೊಳೆ, ತಳ, ಮದ್ದು ಅಂತ ಮೊದಲಿಂದ ಬಿಡಿಸಿ ಹೇಳಿದಳು. ಅವನು ಎಲ್ಲಕ್ಕೂ ತಲೆಯಾಡಿಸಿದ. ಒಂದೂ ತಲೆಗೆ ಹೋಗಿಲ್ಲವೆಂದು ಅವಳಿಗೆ ಗೊತ್ತಾಯಿತು. ಬೋರ್ಡು ಓದಲು ಬಾರದ ಅವನನ್ನು ಸರಿಯಾದ ಬಸ್ಸಿಗೆ ಹತ್ತಿಸಿ, ಅದು ತಿರುವು ದಾಟುವ ತನಕ ಅಲ್ಲೇ ನಿಂತಿದ್ದಳು.